ಮಂಟಪದ ಕೆಲಸಕ್ಕೆ ಆನ್‌ಲೈನ್ ಪ್ರಚಾರ: ಕೈಯಲ್ಲಿರುವುದು 40 ಸಾವಿರ, ಎಲ್ಲಿ ಹಾಕಲಿ?

ಉಪ್ಪಳ ಮಂಟಪ: ಅಪ್ಪ ಇಪ್ಪತ್ತು ವರ್ಷ ನಡೆಸಿದ ಮಂಟಪ, ಹೂವಿನ ಅಲಂಕಾರದ ಕೆಲಸ ಈಗ ನನ್ನ ಕೈಗೆ ಬಂದಿದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಕುಂಬಳೆವರೆಗೆ ಹಾಲ್‌ನವರ ಪರಿಚಯದಿಂದಲೇ ಎಲ್ಲ ನಡೆಯುತ್ತಿತ್ತು. ಈಗ ಹಾಲ್‌ನವರೇ ಸ್ವಂತ ಡೆಕೊರೇಷನ್ ಇಟ್ಟುಕೊಂಡಿದ್ದಾರೆ. ಮದುವೆ ಇಲ್ಲದ ಆಟಿ ತಿಂಗಳು ಮುಗಿಯುವ ಮೊದಲು ಏನಾದರೂ ಮಾಡಬೇಕು. ವೆಬ್‌ಸೈಟಾ, ಇನ್‌ಸ್ಟಾಗ್ರಾಂ ಜಾಹೀರಾತಾ, ಮದುವೆ ಸೈಟಿನ ಪೇಯ್ಡ್ ಲಿಸ್ಟಿಂಗಾ? ಬರೆಯುವುದು ಕನ್ನಡದಲ್ಲಾ ಮಲಯಾಳದಲ್ಲಾ? ಅನುಭವ ಇದ್ದವರು ಹೇಳಿ.

ಕುಂಬಳೆ ಕ್ಯಾಮೆರಾ: ನನ್ನ ಪೇಜು, ಜಾಹೀರಾತು ಎಲ್ಲ ಒಂದು ಏಜೆನ್ಸಿಗೆ ಕೊಟ್ಟಿದ್ದೆ. ಆ ಶಬ್ದ ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ತಿಂಗಳಿಗೆ 12,000ದಂತೆ ಆರು ತಿಂಗಳು, 72,000. ಜಾಹೀರಾತಿನ ದುಡ್ಡು ಬೇರೆ. ತಿಂಗಳಿಗೆ 5,000 ಅಂದಿದ್ದರು, ಕಾರ್ಡಿನಿಂದ ಹೋದದ್ದು 5,900. ಮೇಲೆ 18% ಜಿಎಸ್‌ಟಿ ಉಂಟು ಅಂತ ಮೊದಲೇ ಒಬ್ಬನೂ ಬಾಯಿ ಬಿಡಲಿಲ್ಲ. ಒಟ್ಟು 1,07,400. ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಲೆನ್ಸ್ ಬರ್ತಿತ್ತು.

ಅವರು ಹಾಕಿದ್ದೆಂತ? ಎಲ್ಲಿಂದಲೋ ಎತ್ತಿದ ರಾಜಸ್ಥಾನದ ಅರಮನೆ, ಕೆಂಪು ಲೆಹೆಂಗಾ. ಒಂದು ದಿನ ನನ್ನ ಪೇಜಿನಲ್ಲಿ ಉತ್ತರ ಭಾರತದವರ ಕರ್ವಾ ಚೌತ್ ಹಬ್ಬದ ಶುಭಾಶಯ! ಚಂದ್ರನನ್ನು ಜರಡಿಯಲ್ಲಿ ನೋಡುವ ಹೆಂಗಸಿನ ಚಿತ್ರ, ಕೆಳಗೆ ನನ್ನ ಸ್ಟುಡಿಯೋ ನಂಬರ್. ಅತ್ತೆ ಫೋನ್ ಮಾಡಿ, ‘ಎಂತ ಮಾರಾಯ, ಜರಡಿ ವ್ಯಾಪಾರ ಶುರು ಮಾಡಿದ್ದಾ?’ ಅಂತ ಕೇಳಿದರು.

ಫಾಲೋವರ್ಸ್ ಒಂಬತ್ತು ಸಾವಿರ ಆಯಿತು. ಮೆಸೇಜು 140, ಎಲ್ಲವೂ ‘ರೇಟ್ ಎಷ್ಟು’. ಹೇಳಿದ ಮೇಲೆ ಮೌನ. ಬುಕ್ ಆದದ್ದು ಎರಡು ಮದುವೆ. ಅದರಲ್ಲಿ ಒಂದು ನನ್ನ ಚಿಕ್ಕಮ್ಮನ ಮಗಳದ್ದು, ಅವಳ ಹತ್ತಿರ ನನ್ನ ನಂಬರ್ ಮೊದಲೇ ಇತ್ತು. ಕೊನೆಗೆ ಜಾಹೀರಾತು ಎಲ್ಲೆಲ್ಲಿ ತೋರಿಸುವುದು ಅಂತ ನಾನೇ ತೆರೆದು ನೋಡಿದರೆ ಕುಂಬಳೆಗೆ ಪಿನ್ ಹಾಕಿ 40 ಕಿ.ಮೀ. ಸುತ್ತು ಕೊಟ್ಟಿದ್ದಾರೆ. ಅರ್ಧ ಅರಬ್ಬೀ ಸಮುದ್ರ. ನನ್ನ ದುಡ್ಡು ಬೂತಾಯಿ, ಬಂಗುಡೆ ಮೀನಿಗೆ ಹೋಯಿತು.

ಕಾಸರಗೋಡು ಬ್ರೈಡಲ್: ದುಡ್ಡು ಸಮುದ್ರಕ್ಕೆ ಹೋಗುವುದಿಲ್ಲ ಮಾರ್ರೆ, ಬಂಗುಡೆಯ ಕೈಯಲ್ಲಿ ಫೋನ್ ಇಲ್ಲ. ಆ ಸುತ್ತಿನೊಳಗೆ ಜಾಹೀರಾತು ತಲುಪಿದ ಜನರಿಗೆ ಮಾತ್ರ ಲೆಕ್ಕ. ಗೊತ್ತಿಲ್ಲದೆ ಏಜೆನ್ಸಿಯನ್ನು ಬೈದು ಪ್ರಯೋಜನ ಇಲ್ಲ.

ನನ್ನದು ಕೇಳಿ. ಒಂದು ರೂಪಾಯಿ ಜಾಹೀರಾತು ಇಲ್ಲದೆ 18,400 ಜನ. ಮದರಂಗಿ ದಿನದ ರೀಲ್, ಮಲ್ಲಿಗೆ ಮುಡಿಸುವ ರೀಲ್, ಮದುಮಗಳ ಒಪ್ಪಿಗೆ ಕೇಳಿ ಅವಳ ಜೊತೆ ಕೊಲಾಬ್ (ಒಂದೇ ಪೋಸ್ಟ್ ಇಬ್ಬರ ಪೇಜಿನಲ್ಲೂ) ಹಾಕುವುದು. ಆಗ ಅವಳ ಕ್ಲಾಸ್‌ಮೇಟ್‌ಗಳೆಲ್ಲ ನೋಡುತ್ತಾರೆ, ಮುಂದಿನ ಮದುವೆ ಅವರದ್ದೇ ಅಲ್ಲವಾ? ದುಬೈಯಲ್ಲಿ ಕೂತ ಅಣ್ಣಂದಿರು ವಾಟ್ಸ್ಆ್ಯಪಿನಲ್ಲಿ ಲಿಂಕ್ ನೋಡಿ ಅಡ್ವಾನ್ಸ್ ಕಳಿಸುತ್ತಿದ್ದರು.

ಹಾಗಿರುವಾಗ ಒಂದು ಮೆಸೇಜು: ‘ನಿಮ್ಮ ರೀಲಿನ ಹಾಡಿಗೆ ಕಾಪಿರೈಟ್ ದೂರು ಬಂದಿದೆ, 24 ಗಂಟೆಯಲ್ಲಿ ಅಕೌಂಟ್ ಅಳಿಸುತ್ತೇವೆ, ಇಲ್ಲಿ ಒತ್ತಿ.’ ಒಬ್ಬಳ ಜಡೆ ಹಾಕುತ್ತಾ ಎಡಗೈಯಲ್ಲಿ ಪಾಸ್‌ವರ್ಡ್ ಕೊಟ್ಟೆ. ಸೀರೆ ನೆರಿಗೆ ಹಿಡಿಯುವಷ್ಟರಲ್ಲಿ ಅಕೌಂಟ್ ನನ್ನದಲ್ಲ. ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಮೇಲೆ ಇನ್ನೊಂದು ಕೋಡ್ ಕೇಳುವುದು) ಹಾಕಿರಲಿಲ್ಲ, ತಪ್ಪು ನನ್ನದೇ. ನನ್ನ ಹೆಸರಿನಲ್ಲಿ ಇಬ್ಬರು ಗಿರಾಕಿಗಳಿಂದ 6,000 ಕಿತ್ತುಕೊಂಡರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ದುಡ್ಡು ಸಿಗಲಿಲ್ಲ, ನಾನೇ ಕೈಯಿಂದ ತುಂಬಿಸಿಕೊಟ್ಟೆ. ಆ ಅಕೌಂಟ್ ಈಗಲೂ ಉಂಟು, ನನ್ನ ಹೆಸರು, ನನ್ನ ಮುಖ, ದಿನಾ ಬಿಟ್‌ಕಾಯಿನ್ ಸ್ಟೋರಿ. ಹೊಸದರಲ್ಲಿ 2,100 ಜನ.

ಮತ್ತೆ ಈ ಕ್ಯಾಮೆರಾದವರ ಸಂಗತಿ. ಮುಖ ನಾವು ಮಾಡಿಕೊಡುವುದು, ಫೋಟೋದ ಮೇಲೆ ಹೆಸರು ಅವರದ್ದು ಮಾತ್ರ. ಮೇಕಪ್ ಯಾರದ್ದು ಅಂತ ಒಂದು ಟ್ಯಾಗ್ ಹಾಕಲು ಬೆರಳು ನೋಯುತ್ತದೆ.

ಕುಂಬಳೆ ಕ್ಯಾಮೆರಾ: ನನಗೇ ಹೇಳಿದ್ದಾ? ನೀವು ನಮ್ಮ ಫೋಟೋದ ವಾಟರ್‌ಮಾರ್ಕ್ ಕತ್ತರಿಸಿ, ಮೇಲೆ ಫಿಲ್ಟರ್ ಬಳಿದು ಹಾಕುತ್ತೀರಲ್ಲ, ಅದನ್ನೂ ಹೇಳಿ. ಮಧೂರಿನ ಮದುವೆಯಲ್ಲಿ ನಾನು ತೆಗೆದ ಮದುಮಗಳು ನಿಮ್ಮ ಪೇಜಿನಲ್ಲಿ ಕೋಳ್ಯೂರು ಬಯಲಾಟದ ಬಣ್ಣದ ವೇಷದ ಹಾಗೆ ಕಂಡಳು.

ಬದಿಯಡ್ಕ ಅಡಿಗೆ: ಜಗಳ ಸಾಕು. ನಮ್ಮದು ಬಾಯಿಮಾತು. ಉಂಡವ ಇನ್ನೊಬ್ಬನಿಗೆ ಹೇಳುತ್ತಾನೆ. ಮೂರು ತಲೆಮಾರು ಹೀಗೇ ಬಂದದ್ದು, ಪೇಜೂ ಇಲ್ಲ ಗೀಜೂ ಇಲ್ಲ.

ಆದರೆ ನಾನು ಹಾಕದಿದ್ದರೂ ಗೂಗಲ್ ಮ್ಯಾಪಿನಲ್ಲಿ ಯಾರೋ ನಮ್ಮ ಹೆಸರು ಹಾಕಿಬಿಟ್ಟಿದ್ದಾರೆ. ಅದರ ಅಡಿಯಲ್ಲಿ ಒಂದು ಸ್ಟಾರ್: ‘ಸಾರಿಗೆ ಉಪ್ಪು ಕಡಿಮೆ, ಹೋಳಿಗೆ ಎರಡನೇ ಸಲ ಕೇಳಿದ್ದಕ್ಕೆ ಬಡಿಸುವವ ಮುಖ ತಿರುಗಿಸಿದ.’ ಅವನು ಗಿರಾಕಿ ಅಲ್ಲ, ಊಟಕ್ಕೆ ಬಂದವ. ಆ ದಿನ 600 ಎಲೆ ಅಂತ ಹೇಳಿ 780 ಎಲೆ ಹಾಕಿಸಿದರು. ಹೋಳಿಗೆ ನಾನು ಕಿಸೆಯಿಂದ ತೆಗೆದು ಕೊಡಲಾ? ಮುಳ್ಳೇರಿಯದ ಒಂದು ಗೃಹಪ್ರವೇಶದವರು ಅದನ್ನು ನನಗೇ ಓದಿ ಹೇಳಿ ಬೇರೆಯವರನ್ನು ಹಿಡಿದರು. 45,000ದ ಕೆಲಸ.

ಕಾಞಂಗಾಡ್ ಇವೆಂಟ್ಸ್: ಬಾಯಿಮಾತು ಅಂತ ಕೂತರೆ ಹೀಗೇ ಆಗುವುದು. ಪ್ರೊಫೈಲ್ ನಮ್ಮದು ಅಂತ ಕ್ಲೇಮ್ ಮಾಡಿ ಮರ್ಯಾದೆಯಲ್ಲಿ ಉತ್ತರ ಬರೆಯಬೇಕಿತ್ತು. ಬೇಕಲದ ರೆಸಾರ್ಟ್ ಮದುವೆಗಳು ಎಲ್ಲಿಂದ ಬರ್ತವೆ ಗೊತ್ತುಂಟಾ? ಹೊರಗಿನವ ಫೋನಿನಲ್ಲಿ ಹುಡುಕಿ ಬರುವುದು. ಮತ್ತೆ ಭಾಷೆ: ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಕನ್ನಡ ಓದುವವರು ಎಷ್ಟು ಮಂದಿ? ಮಲಯಾಳದಲ್ಲಿ ಹಾಕಿ, ಇಲ್ಲದಿದ್ದರೆ ಇಂಗ್ಲಿಷ್.

ಪೆರ್ಲ ಪ್ರೆಸ್: ಇದಕ್ಕೇ ಕಾಯುತ್ತಿದ್ದೆ. ಉಪ್ಪಳದವರು ಮಂಜೇಶ್ವರ, ಕುಂಬಳೆ ಅಂದರು, ನಿಮಗೆ ಚಂದ್ರಗಿರಿಯ ಆಚೆಯದ್ದೇ ಚಿಂತೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದನ್ನೇ ಕೇಳಿ ಕೇಳಿ ಕಿವಿ ತೂತಾಗಿದೆ. ನನ್ನಲ್ಲಿ ಪ್ರಿಂಟಾಗುವ ಹತ್ತು ಮದುವೆ ಕಾಗದದಲ್ಲಿ ಏಳು ಕನ್ನಡದ್ದು. ಆ ಮನೆಯವರು ಮಂಟಪ ಮಲಯಾಳದಲ್ಲಿ ಹುಡುಕುತ್ತಾರಾ?

ಕಾಞಂಗಾಡ್ ಇವೆಂಟ್ಸ್: ಕಾಗದ ಕನ್ನಡದಲ್ಲಿ ಮಾಡಿಸಿದ ಮನೆಯ ಹುಡುಗಿ ಫೋನಿನಲ್ಲಿ ಹುಡುಕುವುದು ಇಂಗ್ಲಿಷಿನಲ್ಲಿ. ನಿಮ್ಮ ಮಗಳನ್ನೇ ಕೇಳಿ.

ಪೆರ್ಲ ಪ್ರೆಸ್: ಮಗಳನ್ನು ಎಳೆಯಬೇಡಿ. ಹುಷಾರ್.

ಮಂಜೇಶ್ವರ ಪಂದಲ್: ನನ್ನ ಕಷ್ಟ ಬೇರೆ. ಹೈವೇ ಆರು ಲೇನ್ ಆದ ಮೇಲೆ ಅಂಗಡಿ ಸರ್ವಿಸ್ ರೋಡಿನ ಬದಿಗೆ ಬಂತು. ಮ್ಯಾಪಿನ ಪಿನ್ ಹಳೆಯ ಜಾಗದಲ್ಲೇ. ಮಂಗಳೂರಿನಿಂದ ಬಂದ ಗಿರಾಕಿ ನಮ್ಮ ಬೋರ್ಡು ನೋಡುತ್ತಾ ನೋಡುತ್ತಾ ಮುಂದೆ ಹೋಗಿ, ಅಂಡರ್‌ಪಾಸ್ ಹುಡುಕಿ, ಸಿಟ್ಟು ಬಂದು ತಲಪಾಡಿ ಟೋಲ್ ದಾಟಿ ವಾಪಸ್ ಹೋದ. ಅಲ್ಲಿಂದಲೇ ಫೋನ್: ‘ನೀವು ಮಂಟಪ ರೋಡಿನ ಮಧ್ಯ ಹಾಕುದಾ?’

ಪಿನ್ ಬದಲಿಸಿದರೆ, ಅಂಗಡಿ ನಮ್ಮದೇ ಅಂತ ತೋರಿಸಲು ಗೂಗಲ್ ಪುನಃ ವಿಡಿಯೋ ಕೇಳಿತು. ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಬೇಕು: ರಸ್ತೆ, ಬೋರ್ಡು, ಬೀಗ ತೆಗೆಯುವುದು, ಒಳಗಿನ ಸಾಮಾನು. ಮೂರು ಸಲ ತಿರಸ್ಕಾರ. ಬೋರ್ಡು ಕನ್ನಡ, ಮಲಯಾಳದಲ್ಲಿ. ಪ್ರೊಫೈಲಿನಲ್ಲಿ ಹೆಸರು ಇಂಗ್ಲಿಷಿನಲ್ಲಿ. ಕೆಳಗೆ ಇಂಗ್ಲಿಷ್ ಸಾಲು ಬರೆಸಿ (1,800 ರೂಪಾಯಿ) ನಾಲ್ಕನೆಯ ಸಲ ತೆಗೆದೆ, ಆಯಿತು. ಬೋರ್ಡಿನದ್ದೇ ಕಾರಣವಾ ಅಂತ ಯಾರೂ ಹೇಳಲಿಲ್ಲ.

ಮತ್ತೆ ಒಂದು, ಮಂಗಳೂರಿನ ಕೆಲಸ ಹಿಡಿದರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಕಡ್ಡಾಯ. ಬೇರೆ ರಾಜ್ಯ ಅಲ್ಲವಾ?

ಪೆರ್ಲ ಪ್ರೆಸ್: ತಪ್ಪು. ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷದವರೆಗೆ ಹೊರರಾಜ್ಯದ ಕೆಲಸಕ್ಕೂ ಬೇಡ, 2017ರ ಅಕ್ಟೋಬರದಲ್ಲೇ ವಿನಾಯಿತಿ ಕೊಟ್ಟಿದ್ದಾರೆ. ಸಾಮಾನು ಮಾರುವವರ ಸಂಗತಿ ಬೇರೆ.

ಮಂಜೇಶ್ವರ ಪಂದಲ್: ಹಾಗಾದರೆ ನಾನು ಮೂರು ವರ್ಷದಿಂದ ರಿಟರ್ನ್ ತುಂಬಿಸಲು ಅಕೌಂಟೆಂಟಿಗೆ ತಿಂಗಳಿಗೆ 700 ಕೊಡುವುದು?

ಬದಿಯಡ್ಕ ಅಡಿಗೆ: ಧರ್ಮಕ್ಕೆ.

ಉಪ್ಪಳ ಮಂಟಪ: ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ವೆಬ್‌ಸೈಟ್ ಬೇಕಾ ಬೇಡವಾ ಅಂತ. ಒಬ್ಬರು 22,000 ಹೇಳಿದ್ದಾರೆ.

ಕುಂಬಳೆ ಕ್ಯಾಮೆರಾ: ಡೊಮೈನ್ (ಸೈಟಿನ ವಿಳಾಸ) ಯಾರ ಹೆಸರಿನಲ್ಲಿ ಅಂತ ಮೊದಲು ಕೇಳಿ. ನನ್ನದು ಮಾಡಿಕೊಟ್ಟ ಹುಡುಗನ ಹೆಸರಿನಲ್ಲೇ ಇತ್ತು. ಅವನು ಮಸ್ಕತ್‌ಗೆ ಹೋದ, ರಿನ್ಯೂವಲ್ ಮೇಲ್ ಅವನಿಗೇ ಹೋಯಿತು. ಸೈಟೂ ಹೋಯಿತು, ಎಂಟು ವರ್ಷದ ಆಲ್ಬಮ್ ಪುಟಗಳೂ ಹೋದವು. ಇದರ ದುಡ್ಡು ಆ 1,07,400ರಲ್ಲಿ ಸೇರಿಲ್ಲ.

ಬ್ರೈಡಲ್‌ನವರೇ, ಮಧೂರಿನ ಮದುವೆಯ ಎಲ್ಲ ಫೋಟೋಗಳಿಗೂ ನಿಮ್ಮ ಟ್ಯಾಗ್ ಹಾಕಿದ್ದೇನೆ, ನೋಡಿ. ಇನ್ನು ಆ ಮಾತು ಬೇಡ.

ಕಾಸರಗೋಡು ಬ್ರೈಡಲ್: ನೋಡಿದೆ. ಹದಿನಾಲ್ಕು ಫೋಟೋ. ಹದಿನಾಲ್ಕಕ್ಕೂ ಬಿಟ್‌ಕಾಯಿನ್‌ನವನನ್ನು ಟ್ಯಾಗ್ ಮಾಡಿದ್ದೀರಿ.