ಸೊಂಟದಿಂದ ಕಾಲಿಗಿಳಿಯುವ ನೋವಿಗೆ ಕೈರೋಪ್ರಾಕ್ಟಿಕ್ ಮಾಡಿಸಬಹುದೇ?

ಶಿರಸಿ ತೋಟಿಗ:
ನಮಸ್ಕಾರ. ನನಗೆ 46 ವರ್ಷ. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಬೆನ್ನು ಬಗ್ಗಿಸಿ ಅಡಿಕೆ ಸುಲಿದ ಮೇಲೆ ಶುರುವಾದ ನೋವು ಐದು ವಾರಗಳಿಂದ ಎಡ ಪಿರ್ರೆ, ತೊಡೆಯ ಹಿಂಭಾಗ, ಮೀನಖಂಡದ ಮೂಲಕ ಪಾದದ ಕಿರುಬೆರಳಿನವರೆಗೆ ಇಳಿಯುತ್ತಿದೆ. ಎಲ್5–ಎಸ್1 ಡಿಸ್ಕ್, ಅಂದರೆ ಸೊಂಟದ ಕೊನೆಯ ಕಶೇರುವಿನ ಕೆಳಗಿನ ಮೆತ್ತೆ, ಹೊರಚಾಚಿದೆ ಎಂದು ಎಂಆರ್‌ಐ ವರದಿ ಹೇಳುತ್ತದೆ. ಬೆಂಗಳೂರಿನಲ್ಲಿರುವ ತಮ್ಮ ಕೈಯಿಂದ ಬೆನ್ನು ಒತ್ತುವ ಕೈರೋಪ್ರಾಕ್ಟಿಕ್ ಚಿಕಿತ್ಸೆ ಮಾಡಿಸೋಣ ಎನ್ನುತ್ತಾನೆ, ಆಯಿ ಆಯುರ್ವೇದದ ಕಟಿಬಸ್ತಿ ಸಾಕು ಎನ್ನುತ್ತಾಳೆ. ತಿಳಿದವರು ದಾರಿ ಹೇಳಬೇಕು.

ಕುಮಟಾದ ಮಹಿಳೆ:
ಮೂರು ವರ್ಷಗಳ ಹಿಂದೆ ಇದೇ ನೋವಿಗೆ ಒಬ್ಬರು ನರ ಬಿಡಿಸುತ್ತೇನೆಂದು ನನ್ನ ಕಾಲನ್ನು ಜಗ್ಗಿದರು. ಆ ರಾತ್ರಿಯಿಂದ ಪಾದ ಎತ್ತಲಾಗದೆ ಚಪ್ಪಲಿ ಜಾರತೊಡಗಿತು, ಕೊನೆಗೆ ಶಸ್ತ್ರಚಿಕಿತ್ಸೆಯೇ ಆಯಿತು. ಜಗ್ಗಿದ್ದೇ ಕಾರಣವೆಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಆದರೆ ಕಾಲಿನ ಬಲವನ್ನು ಅದಕ್ಕೆ ಮೊದಲು ಯಾರೂ ಪರೀಕ್ಷಿಸಿರಲಿಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಕಾರವಾರದ ಫಿಸಿಯೋಥೆರಪಿಸ್ಟ್:
ಕುಮಟಾದ ತಂಗಿ ಹೇಳಿದ ಕೊನೆಯ ಮಾತೇ ಮುಖ್ಯ, ಮೊದಲು ಕಾಲಿನ ಬಲ ಪರೀಕ್ಷಿಸಬೇಕು. 1895ರಲ್ಲಿ ಅಮೆರಿಕದ ಡಿ. ಡಿ. ಪಾಮರ್ ಆರಂಭಿಸಿದ ಕೈರೋಪ್ರಾಕ್ಟಿಕ್‌ನಲ್ಲಿ ಬೆನ್ನಿನ ಕೀಲುಗಳನ್ನು ಕೈಯಿಂದ ಚುರುಕಾಗಿ ಒತ್ತುತ್ತಾರೆ. ಆಗ ಕೇಳುವ 'ಟಕ್' ಸದ್ದು ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದರಿಂದ ಬರುತ್ತದೆಯೇ ಹೊರತು ಡಿಸ್ಕ್ ಒಳಗೆ ಸೇರಿದ್ದರಿಂದಲ್ಲ. ವೈದ್ಯರಿಗೆ ಚಿಕಿತ್ಸಾ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಇಂಥ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ಒಪ್ಪುತ್ತದೆ. ಹೊರಚಾಚಿದ ಡಿಸ್ಕ್ ಎಷ್ಟೋ ಬಾರಿ ತಾನಾಗಿಯೇ ಕುಗ್ಗುತ್ತದೆ, ಹೆಚ್ಚಿನವರಿಗೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ನೋವು ಇಳಿಯುತ್ತದೆ. ಹಾಗೆಂದು ಹಾಸಿಗೆ ಹಿಡಿಯಬೇಡಿ, ನಡೆಯುತ್ತಿರಿ. ಬೋರಲು ಮಲಗಿ ಮೊಣಕೈ ಊರಿ ಎದೆಯೆತ್ತಿದಾಗ ನೋವು ಪಾದ ಬಿಟ್ಟು ಸೊಂಟದತ್ತ ಸರಿದರೆ ಆ ವ್ಯಾಯಾಮ ಒಗ್ಗುತ್ತದೆ, ಕೆಳಗಿಳಿದರೆ ನಿಲ್ಲಿಸಿ.
ಈಗಲೇ ಗೋಡೆ ಹಿಡಿದು ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಿ ನೋಡಿ. ಎಡಗಾಲು ಸೋತರೆ ಆ ಡಿಸ್ಕ್ ಪಕ್ಕದಿಂದ ಕಾಲಿಗಿಳಿಯುವ ಎಸ್1 ನರಕ್ಕೆ ಪೆಟ್ಟಾಗಿರಬಹುದು, ಬೆನ್ನು ಒತ್ತಿಸಿಕೊಳ್ಳುವ ಮೊದಲು ತಜ್ಞರಿಗೆ ತೋರಿಸಲೇಬೇಕು. ಮೂತ್ರ ಕಟ್ಟಿದರೆ, ಮಲಮೂತ್ರ ಹಿಡಿತ ತಪ್ಪಿದರೆ, ಗುದದ ಸುತ್ತ ಜೋಮು ಹಿಡಿದರೆ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಹೊರಡಿ.

ಹೊನ್ನಾವರದ ಆಯುರ್ವೇದ ವೈದ್ಯ:
ನಮ್ಮಲ್ಲಿ ಇದು ಗೃಧ್ರಸಿ, ಚರಕಸಂಹಿತೆಯ 80 ವಾತವ್ಯಾಧಿಗಳಲ್ಲೊಂದು. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸುವ ಕಟಿಬಸ್ತಿಯಿಂದ ಬಿಗಿದ ಸ್ನಾಯು ಸಡಿಲಾಗಿ ನಡೆಯಲು ಅನುಕೂಲವಾದೀತು, ಡಿಸ್ಕ್ ಮಾತ್ರ ಅದರಿಂದ ಸರಿಯದು. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕುಂದಿದ್ದರೆ ಸುಟ್ಟುಕೊಳ್ಳುವ ಭಯವಿದೆ, ಮೊದಲೇ ತಿಳಿಸಿ.

ಶಿರಸಿ ತೋಟಿಗ:
ಎಲ್ಲರಿಗೂ ಕೃತಜ್ಞತೆಗಳು. ಗೋಡೆ ಹಿಡಿದು ನೋಡಿದೆ. ಬಲಗಾಲಿನಲ್ಲಿ ಹತ್ತು ಸಲ ಹಿಮ್ಮಡಿ ಎದ್ದಿತು, ಎಡಗಾಲಿನಲ್ಲಿ ಎರಡಕ್ಕೇ ಸೋತಿತು. ಬೆಂಗಳೂರಿನ ಪ್ರಯಾಣ ನಿಲ್ಲಿಸಿದ್ದೇನೆ, ನಾಳೆ ನರತಜ್ಞರಲ್ಲಿಗೆ ಹೋಗುತ್ತೇನೆ.