ಮಗನ ಫ್ರೆಂಡ್ ಬರ್ತ್‌ಡೇ ಔಟ್‌ಬ್ಯಾಕ್ ಕುದುರೆ ಶೋನಲ್ಲಂತೆ, ಕಳಿಸೋದಾ ಬೇಡ್ವಾ?

ಶಿವಮೊಗ್ಗ ಹುಡ್ಗಿ, ಬ್ರಿಸ್ಬೇನ್
ಎಲ್ರಿಗೂ ನಮಸ್ಕಾರ. ಮಗ ಇಯರ್ ಫೋರ್. ಅವನ ಕ್ಲಾಸ್‌ಮೇಟ್ ಬರ್ತ್‌ಡೇನ ಆಕ್ಸೆನ್‌ಫರ್ಡ್‌ನ ಔಟ್‌ಬ್ಯಾಕ್ ಸ್ಪೆಕ್ಟ್ಯಾಕ್ಯುಲರ್‌ನಲ್ಲಿ ಇಟ್ಕೊಂಡಿದಾರೆ, ಅದೇ ಮೂವಿ ವರ್ಲ್ಡ್ ಥೀಮ್ ಪಾರ್ಕ್ ಪಕ್ಕ, ಔಟ್‌ಬ್ಯಾಕ್ ಅಂದ್ರೆ ಇಲ್ಲಿನ ಒಳನಾಡಿನ ಕಥೆಯ ಕುದುರೆ ಶೋ ನೋಡ್ತಾ ಊಟ ಮಾಡೋದು. ಅಲ್ಲಿ ಬೀಫೇ ಮುಖ್ಯ ಊಟ ಅಂತೆ. ನಾವು ಮೊಟ್ಟೆನೂ ಮುಟ್ಟಲ್ಲ. ಅತ್ತೆ ಬೇರೆ ಊರಿಂದ ಬಂದಿದಾರೆ, "ಆ ಪಂಕ್ತೀಲಿ ಮಗೂನ ಕೂರಿಸ್ತೀಯಾ" ಅಂದ್ರು. ಯಜಮಾನ್ರು ಆ ಕಡೆನೂ ಇಲ್ಲ ಈ ಕಡೆನೂ ಇಲ್ಲ, ಫೋನ್ ನೋಡ್ತಾ ಕೂತಿದಾರೆ. ಸ್ಕೂಲಲ್ಲಿ ಪಯೋನಿಯರ್ಸ್ (ಇಲ್ಲಿಗೆ ಮೊದಲು ಬಂದು ನೆಲೆಸಿದ ಬಿಳಿಯರು) ಪಾಠ ಆದಾಗಿಂದ ಮಗ ಸ್ಟಾಕ್‌ಮನ್, ಅಂದ್ರೆ ಕುದುರೆ ಮೇಲೆ ದನ ಕಾಯೋನು, ಆಗ್ತೀನಿ ಅಂತ ಸೋಫಾ ಕೈ ಮೇಲೆ ಟವೆಲ್ ಹಾಸ್ಕೊಂಡು ಸವಾರಿ ಮಾಡ್ತಾನೆ. ಮೊನ್ನೆ ಕೇಳ್ದ, "ಅಮ್ಮಾ, ನಮ್ ಕಡೆಯೋರು ಯಾರೂ ಕುದುರೆ ಓಡಿಸ್ತಿರ್ಲಿಲ್ವಾ" ಅಂತ. ವೆಜ್ ಸಿಗುತ್ತಾ? ಒಬ್ಬನ್ನೇ ಕಳಿಸ್ಲಾ, ನಾನೂ ಹೋಗ್ಲಾ? ಶುಕ್ರವಾರದೊಳಗೆ ಹೇಳ್ಬೇಕು.

ಗೋಲ್ಡ್ ಕೋಸ್ಟ್ ಅಮ್ಮ
ವೆಜ್ ಇದೆ, ಆದ್ರೆ ಬುಕಿಂಗ್ ಮಾಡುವಾಗ್ಲೇ ಹೇಳಿರ್ಬೇಕು, ಬರ್ತ್‌ಡೇ ಹುಡುಗನ ಅಮ್ಮಂಗೆ ಇವತ್ತೇ ಮೆಸೇಜ್ ಹಾಕಿ. ನಾವು ಹೋದಾಗ ಸ್ವೀಟಿಗೆ ಪಾವ್ಲೋವಾ ಕೊಟ್ಟಿದ್ರು, ಅದು ಮೊಟ್ಟೆಯ ಬಿಳಿ ಭಾಗದಲ್ಲಿ ಮಾಡೋದು, ಸೋ ಅದನ್ನೂ ಬೇಡ ಅಂತ ಬಿಡಿಸಿ ಹೇಳ್ಬೇಕು, ಬರೀ ವೆಜ್ ಅಂದ್ರೆ ಇವ್ರ ಲೆಕ್ಕದಲ್ಲಿ ಮೊಟ್ಟೆನೂ ಸೇರುತ್ತೆ. ದೊಡ್ಡ ಅರೀನಾ, ಸಾವಿರ ಜನದ ಹತ್ರ ಕೂರ್ತಾರೆ, ಸೌಂಡು ಜೋರು, ಮುಂದಿನ ಸಾಲಿಗೆ ಮಣ್ಣಿನ ವಾಸನೆ ಬರುತ್ತೆ. ವೀಝಿಂಗ್ ಇದ್ರೆ ಪಫರ್ (ಇನ್‌ಹೇಲರ್) ಇಟ್ಕೊಳ್ಳಿ. ಮಕ್ಕಳಿಗೆ ಹ್ಯಾಟ್ ಕೊಡ್ತಾರೆ, ಅದು ಆಮೇಲೆ ಎರಡು ವಾರ ತಲೆಯಿಂದ ಇಳಿಯಲ್ಲ 😄

ಇಪ್ಸ್ವಿಚ್ ಗೌಡ್ರು
ನೋಡಮ್ಮ, ತೊಂಬತ್ತರ ದಶಕದಲ್ಲಿ ಬಂದೋನು ನಾನು, ಆಗ ಇಲ್ಲಿ ತೊಗರಿಬೇಳೆ ಬೇಕು ಅಂದ್ರೆ ಫಿಜಿ ಅಂಗಡಿ ಹುಡುಕ್ಕೊಂಡು ಹೋಗ್ಬೇಕಿತ್ತು. ಪ್ರಶ್ನೆ ವೆಜ್ಜು ನಾನ್‌ವೆಜ್ಜು ಅಲ್ಲ. ನಾನೇನು ವೆಜ್ ಅಲ್ಲ, ನಾಟಿ ಕೋಳಿ ತಿನ್ನೋನು. ಪ್ರಶ್ನೆ ಏನಂದ್ರೆ ಇವತ್ತು ಹ್ಯಾಟು, ನಾಳೆ ಬೂಟು, ನಾಡಿದ್ದು "ಡ್ಯಾಡ್ ಐ ಡೋಂಟ್ ಸ್ಪೀಕ್ ಇಟ್". ನನ್ನ ಇಬ್ರೂ ಮಕ್ಕಳೂ ಹಂಗೇ ಆದ್ರು, ಅಜ್ಜಿ ಫೋನ್ ಮಾಡಿದ್ರೆ ಹಲೋ ಅಂದು ನನ್ ಕೈಗೆ ಕೊಡೋರು. ಅಜ್ಜಿ ಹೋಗ್ಬಿಟ್ರು. ಅದಕ್ಕೇ ಹೇಳೋದು, ಭಾನುವಾರದ ಕನ್ನಡ ಕ್ಲಾಸಿಗೆ ಹಾಕು, ಕುದುರೆಗಿದುರೆ ಆಮೇಲೆ. ಅವರ ಪೂರ್ವಜರ ಕಥೆನ ನಮ್ ಮಕ್ಕಳು ಯಾಕೆ ಚಪ್ಪಾಳೆ ತಟ್ಕೊಂಡು ನೋಡ್ಬೇಕು?

ಹುಬ್ಬಳ್ಳಿ ಮಂದಿ, ಮೆಲ್ಬರ್ನ್
ಗೌಡ್ರ, ಆಕಿ ಕೇಳಿದ್ದು ಊಟದ ಮಾತು, ನೀವು ಸಂಸ್ಕೃತಿ ತಗೊಂಡ್ ಕುಂತೀರಿ. ಇಲ್ಲಿ ಪಾಸ್‌ಪೋರ್ಟ್ ಬೇಕು, ಮನಿ ಬೇಕು, ಇಲ್ಲಿಯ ಕಥಿ ಬ್ಯಾಡಂದ್ರ ಹೆಂಗ್ರಿ? ನನ್ನ ಮಗಳು ನೆಟ್‌ಬಾಲ್ ಕ್ಯಾಪ್ಟನ್ ಅದಾಳ, ಮನ್ಯಾಗ ಜ್ವಾಳದ ರೊಟ್ಟಿ ಬಡೀತಾಳ. ಎರಡೂ ಆಕ್ಕಾವ.

ಇಪ್ಸ್ವಿಚ್ ಗೌಡ್ರು
ನಿಮ್ ಮಗಳು ಬಡೀತಾಳೆ ಸರಿ, ಕನ್ನಡ ಪೇಪರ್ ಓದ್ತಾಳಾ?

ಡಾರ್ವಿನ್ ನರ್ಸಮ್ಮ
ಒಂದ್ ಮಾತು ಸೇರಿಸ್ತೀನಿ. ಶೋಗೆ ಹೋಗ್ಲಿ, ಖುಷಿಯಾಗಿ ನೋಡ್ಲಿ, ಆದ್ರೆ ಬರೋ ದಾರೀಲಿ ಕಾರಲ್ಲಿ ಇನ್ನೊಂದು ಕಥೆ ಹೇಳಿ. ಉತ್ತರದ ಕ್ಯಾಟಲ್ ಸ್ಟೇಷನ್‌ಗಳಲ್ಲಿ, ಅಂದ್ರೆ ದೊಡ್ಡ ದನದ ಫಾರಂಗಳಲ್ಲಿ, ದನ ಮೇಯಿಸಿ ಕುದುರೆ ಪಳಗಿಸಿದೋರಲ್ಲಿ ಎಷ್ಟೋ ಜನ ಇಲ್ಲಿನ ಮೂಲನಿವಾಸಿ ಅಬೊರಿಜಿನಲ್ ಸ್ಟಾಕ್‌ಮನ್‌ಗಳೇ, ಅದೂ ಅವರದೇ ನೆಲದಲ್ಲಿ. ಎಷ್ಟೋ ಕಡೆ ಕೂಲಿ ಅಂತ ಸಿಗ್ತಿದ್ದಿದ್ದು ಹೆಚ್ಚಾಗಿ ಹಿಟ್ಟು, ಸಕ್ಕರೆ, ಟೀ ಪುಡಿಯಂಥ ರೇಷನ್ನು. 1966ರಲ್ಲಿ ವೇವ್ ಹಿಲ್ ಅನ್ನೋ ಅಂಥದೇ ಸ್ಟೇಷನ್‌ನಲ್ಲಿ ವಿನ್ಸೆಂಟ್ ಲಿಂಗಿಯಾರಿ ಮುಂದೆ ನಿಂತು, ಅವರ ಗುರಿಂಜಿ ಬುಡಕಟ್ಟಿನ ಜನ ಕೆಲಸ ಬಿಟ್ಟು ಎದ್ದು ಹೋದ್ರು. ಒಂಬತ್ತು ವರ್ಷ ಆದ್ಮೇಲೆ ಆಗಿನ ಪ್ರಧಾನಿ ವಿಟ್ಲಮ್ ಬಂದು, ನೆಲ ವಾಪಸ್ ಕೊಟ್ಟ ಗುರುತಿಗೆ ಲಿಂಗಿಯಾರಿ ಅಂಗೈಗೆ ಮಣ್ಣು ಸುರಿದ್ರು, ಆ ಫೋಟೋ ತೋರ್ಸಿ ಮಗನಿಗೆ. ಪಯೋನಿಯರ್ ಪಾಠದಲ್ಲಿ ಇದು ಇರುತ್ತೋ ಇಲ್ವೋ ಟೀಚರ್ ಮೇಲೆ ಹೋಗುತ್ತೆ.

ಕುಣಿಗಲ್ ಟು ಟೂವೂಂಬಾ
ಅಕ್ಕಾ, ನಿಮ್ ಮಗ ಕೇಳಿದ್ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ, ನಾನ್ ಕೊಡ್ತೀನಿ, ನಮ್ಮೂರು ಕುಣಿಗಲ್ ಟಿಪ್ಪು ಕಾಲದಿಂದ ಕುದುರೆ ಫಾರಂ ಇರೋ ಊರು. ಆಸ್ಟ್ರೇಲಿಯಾದ ವೇಲರ್ ಅನ್ನೋ ಕುದುರೆಗಳು ಹಡಗಲ್ಲಿ ಮದ್ರಾಸು, ಕಲ್ಕತ್ತಾಗೆ ಬಂದು ಇಳೀತಿದ್ವು, ಬ್ರಿಟಿಷ್ ಸೈನ್ಯಕ್ಕೆ. ಮೊದಲನೇ ಮಹಾಯುದ್ಧದಲ್ಲಿ ಲೈಟ್ ಹಾರ್ಸ್‌ನೋರು, ಅಂದ್ರೆ ಆಸ್ಟ್ರೇಲಿಯಾದ ಕುದುರೆ ಸೈನಿಕರು, ಪ್ಯಾಲೆಸ್ಟೈನ್‌ನಲ್ಲಿ ತುರ್ಕರ ಕೈಲಿದ್ದ ಬೀರ್‌ಷೆಬಾ ಮೇಲೆ ನುಗ್ಗಿದ್ದು 1917 ಅಕ್ಟೋಬರ್ 31ರ ಸಂಜೆ, ಕುದುರೆಗಳಿಗೆ ಒಂದಿಡೀ ದಿನಕ್ಕಿಂತ ಜಾಸ್ತಿ ನೀರಿಲ್ಲ, ಊರೊಳಗಿನ ಬಾವಿ ಸಿಗ್ಲೇಬೇಕು ಅಂತ, ಕೈಯಲ್ಲಿ ಕತ್ತಿನೂ ಇಲ್ಲ ಬರೀ ಬಯೊನೆಟ್ಟು. ಮುಂದಿನ ವರ್ಷ ಸೆಪ್ಟೆಂಬರ್ 23ಕ್ಕೆ ಅಲ್ಲಿನ ಹೈಫಾ ಊರು ತಗೊಂಡಿದ್ದು ಯಾರು? ಜೋಧ್‌ಪುರದೋರು ಮತ್ತೆ ನಮ್ ಮೈಸೂರು ಲ್ಯಾನ್ಸರ್ಸ್, ಮೈಸೂರು ಸಂಸ್ಥಾನದ ಕುದುರೆ ಪಡೆ! ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಕಡೆಗೆ ಹತ್ತಿದ್ದು ಮೈಸೂರಿನ ಸವಾರರು. ಲೈಟ್ ಹಾರ್ಸ್‌ನೋರು, ಲ್ಯಾನ್ಸರ್ಸ್ ಎಲ್ಲ ಇದ್ದ ಡೆಸರ್ಟ್ ಮೌಂಟೆಡ್ ಕೋರ್ ಅನ್ನೋ ದೊಡ್ಡ ಸೇನೆಗೆ ಕಮಾಂಡರ್ ಹ್ಯಾರಿ ಶೊವೆಲ್, ಆಸ್ಟ್ರೇಲಿಯಾದವ್ನೇ. ಅಂದ್ರೆ ಇವರ ತಾತಂದಿರೂ ನಮ್ ತಾತಂದಿರೂ ಒಂದೇ ಜನರಲ್ ಕೈಕೆಳಗೆ ಕುದುರೆ ಓಡಿಸಿದೋರು. ಬೆಂಗಳೂರು ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ, ರಜೆಗೆ ಹೋದಾಗ ತೋರ್ಸಿ, ಟ್ರಾಫಿಕ್ ನೋಡ್ಕೊಂಡು ಬೆಳಿಗ್ಗೆನೇ ಹೋಗಿ.

ಹುಬ್ಬಳ್ಳಿ ಮಂದಿ, ಮೆಲ್ಬರ್ನ್
ಭಾರೀ ಆತು ಬಿಡ್ರಿ ಇದು! ಗೌಡ್ರ, ಈಗ ಚಪ್ಪಾಳಿ ತಟ್ಟಬಹುದಲ್ರಿ?

ಇಪ್ಸ್ವಿಚ್ ಗೌಡ್ರು
ಮೈಸೂರು ಲ್ಯಾನ್ಸರ್ಸ್ ಕಥೆ ಅವರ ಶೋನಲ್ಲಿ ಹೇಳ್ತಾರಾ? ಇಲ್ವಲ್ಲ. ನಾನ್ ಹೇಳ್ತಿರೋದೂ ಅದೇ. ನಾವೇ ಹೇಳ್ಬೇಕು, ಕನ್ನಡದಲ್ಲೇ ಹೇಳ್ಬೇಕು. ಈಗಿನೋರಿಗೆ ಮಕ್ಕಳ ಜೊತೆ ಇಂಗ್ಲಿಷಲ್ಲಿ ಮಾತಾಡೋದೇ ಸ್ಟೈಲು, ಸಂಘದ ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಟೈಮಿಗೆ ಸರಿಯಾಗಿ ಬರ್ತಾರೆ, ಕುರ್ಚಿ ಎತ್ತಿಡೋಕೆ ಒಬ್ರೂ ಇರಲ್ಲ.

ಗೋಲ್ಡ್ ಕೋಸ್ಟ್ ಅಮ್ಮ
ಗೌಡ್ರೇ, ಕುರ್ಚಿ ವಿಷ್ಯ ಬೇರೆ ಪೋಸ್ಟ್ ಹಾಕಿ ಪ್ಲೀಸ್ 🙏 ಶಿವಮೊಗ್ಗದೋರೇ, ಮೆಸೇಜ್ ಹಾಕಿದ್ರಾ?

ಶಿವಮೊಗ್ಗ ಹುಡ್ಗಿ, ಬ್ರಿಸ್ಬೇನ್
ಹಾಕ್ದೆ. ಅವ್ರಮ್ಮ ಒಳ್ಳೆಯವ್ರು, ಇನ್ನೊಂದು ಮಗು ಕೂಡ ವೆಜ್ಜಂತೆ, ಇಬ್ರನ್ನೂ ಒಟ್ಟಿಗೆ ಕೂರಿಸ್ತಾರಂತೆ, ಪಾವ್ಲೋವಾ ಬದ್ಲು ಹಣ್ಣು ಕೇಳ್ತೀನಿ ಅಂದ್ರು. ನಾನು ಡ್ರಾಪ್ ಮಾಡಿ ಅಲ್ಲೇ ಸುತ್ತಮುತ್ತ ಇರ್ತೀನಿ. ಅತ್ತೆಗೆ ಮೈಸೂರು ಲ್ಯಾನ್ಸರ್ಸ್ ಕಥೆ ಓದಿ ಹೇಳ್ದೆ, "ಹಂಗಾದ್ರೆ ಹೋಗ್ಲಿ, ಆದ್ರೆ ಮನೇಲಿ ತಿಂದು ಹೋಗ್ಲಿ" ಅಂದ್ರು. ಕುಣಿಗಲ್ ಅಣ್ಣ, ತುಂಬಾ ಥ್ಯಾಂಕ್ಸ್.

ಇಪ್ಸ್ವಿಚ್ ಗೌಡ್ರು
ಸರಿ ಹೋಗ್ ಬರ್ಲಿ. ಭಾನುವಾರ ಕ್ಲಾಸ್ ಹತ್ತು ಗಂಟೆಗೆ, ಹ್ಯಾಟ್ ಹಾಕ್ಕೊಂಡೇ ಬರ್ಲಿ ಪರ್ವಾಗಿಲ್ಲ.