2ಎಕ್ಸ್ − ವೈ = 4 ಗ್ರಾಫ್ ಸೀದಾ ಬರವಲ್ದು, ಯಾರರ ನೋಡ್ರಿ

ಸಿಂಧನೂರು ಅಮ್ಮ:
ಮಗಳು 9ನೇ ಕ್ಲಾಸ್, ನಿನ್ನೆ ರಾತ್ರಿಯಿಂದ ಇದೊಂದೇ ಲೆಕ್ಕ ಹಿಡ್ಕೊಂಡು ಕುಂತಾಳ, ಎಕ್ಸ್‌ಗೆ 0, 1, 2, 3 ಹಾಕಿ (0, 4), (1, −2), (2, 0), (3, 2) ಅಂತ ಕ್ರಮಯುಗ್ಮ ತಗದಾಳ, ಆದ್ರ ಮೊದಲ್ನೇ ಚುಕ್ಕಿ ಮಾತ್ರ ಎಲ್ಲೋ ಮ್ಯಾಲ ಹೋಗಿ ಕುಂತದ, ಸ್ಕೇಲ್ ಇಟ್ರ ಕೂಡೋದೇ ಇಲ್ಲ

ಕೊಪ್ಪಳ ಟ್ಯೂಷನ್ ಸರ್:
ಉಳಿದ ಮೂರು ಸರಿ ಅದಾವ್ರಿ. ಎಕ್ಸ್ 0 ಆದಾಗ −ವೈ = 4 ಬರ್ತದ, ಅಂದ್ರ ವೈ = −4, ಮೈನಸ್ ಅಲ್ಲೇ ಬಿಟ್ಟುಹೋಗ್ಯದ. ಮೊದ್ಲೇ ವೈ = 2ಎಕ್ಸ್ − 4 ಅಂತ ಬರ್ಕೊಂಡು ಆಮ್ಯಾಲ ಬೆಲೆ ಹಾಕಸ್ರಿ. −4, −2, 0, 2, ನೋಡ್ರಿ ಪ್ರತಿ ಸಲ ಎರಡೆರಡೇ ಏರ್ತದ, ಹಂಗ ಒಂದೇ ಸಮ ಏರೋದಕ್ಕೇ ಗೆರಿ ಸೀದಾ ಬರೋದು.

ಬಳ್ಳಾರಿ ಬಿಎಸ್ಸಿ:
ಗೆರಿಗೆ ಎರಡು ಚುಕ್ಕಿ ಸಾಕು ಖರೆ, ಆದ್ರ ಮೂರನೇದು ಹಾಕೇ ಹಾಕ್ರಿ, ತಪ್ಪು ಹಿಡಿದು ಕೊಡೋದು ಅದೇ. ಮತ್ತ (1, −2) ಇದ್ದದ್ದನ್ನ (−2, 1) ಅಂತ ತಿರುವಿ ಹಾಕಬ್ಯಾಡ್ರಿ, ಮೊದ್ಲು ಅಡ್ಡ ಆಮ್ಯಾಲ ಉದ್ದ. ಗೆರಿ ಎರಡೂ ಕಡೆ ಚಾಚಿ ಬಾಣ ಹಾಕ್ಬೇಕು, ಉತ್ತರ ನಾಲ್ಕಕ್ಕ ಮುಗಿಯಂಗಿಲ್ಲ.

ಸಿಂಧನೂರು ಅಮ್ಮ:
(0, −4) ಹಾಕಿದ್ಲು, ನಾಲ್ಕೂ ಒಂದೇ ಗೆರಿ ಮ್ಯಾಲ ಬಂದ್ವು! ಈಗ (4, 4) ತಾನೇ ತಗದು ತೋರ್ಸಾಕತ್ತಾಳ